ಎರಡು ಸಲ ಸವರಿದ ಗಿಡ

ನಮ್ಮ ಹೂಗಿಡ ಬೆಳೆಗಾರರ ಸಂಘದ ಅಧ್ಯಕ್ಷರೂ ಪ್ರದರ್ಶನದ ತೀರ್ಪುಗಾರರೂ ಆಗಿರುವ ಮಾನ್ಯ ದಂತವೈದ್ಯ ಮೇಡಂ ಅವರೇ, ನನ್ನಲ್ಲಿ ಇಲ್ಲದ ಗುಣಗಳನ್ನೆಲ್ಲ ಇವೆ ಎಂದು ಇಷ್ಟು ಹೊತ್ತು ಹೊಗಳಿದ ಕಾರ್ಯದರ್ಶಿಗಳೇ, ಮುಂದಿನ ಸಾಲಿನಲ್ಲಿ ಕುಳಿತು 'ಬೇಗ ಮುಗಿಸಿ' ಎಂದು ಈಗಲೇ ಕಣ್ಣಿನಲ್ಲಿ ಹೇಳುತ್ತಿರುವ ನನ್ನ ಮನೆಯಾಕೆಯೇ, ಚಹಾ ಇನ್ನೂ ಬಂದಿಲ್ಲ ಎಂಬ ಒಂದೇ ಕಾರಣಕ್ಕೆ ಎದ್ದು ಹೋಗದೆ ಉಳಿದಿರುವ ಸಹೃದಯ ಸಭಿಕರೇ, ಎಲ್ಲರಿಗೂ ನನ್ನ ವಂದನೆಗಳು.

ನಾನು ಭಾಷಣಕಾರನಲ್ಲ. ಹಾಗೆಂದು ಮಾತು ಬಾರದವನೂ ಅಲ್ಲ. ಜೀವಮಾನವಿಡೀ ಕ್ಷೌರದಂಗಡಿ ನಡೆಸಿದವನಿಗೆ ಮಾತು ಬಾರದಿದ್ದರೆ ಹೇಗೆ? ಆದರೆ ನಾನು ಮಾತಾಡಿದ್ದೆಲ್ಲ ಜನರ ಹಿಂದಲೆಯ ಜೊತೆ. ಅವರ ಕತ್ತಿನ ಹತ್ತಿರ ನನ್ನ ಕೈಯಲ್ಲಿ ಒಂದು ಕತ್ತಿ ಇರುತ್ತಿದ್ದುದರಿಂದ ಯಾರೂ ನನಗೆ ಎದುರು ಮಾತಾಡಿದವರಲ್ಲ. ಇಂದು ಇಷ್ಟೊಂದು ಮುಖಗಳನ್ನು ಒಟ್ಟಿಗೆ, ಅದೂ ನೇರವಾಗಿ ನೋಡುತ್ತಿದ್ದೇನೆ. ಸ್ವಲ್ಪ ತಡವರಿಸಿದರೆ ಹೊಟ್ಟೆಗೆ ಹಾಕಿಕೊಳ್ಳಿ.

ಕಳೆದ ಹೂವಿನ ಪ್ರದರ್ಶನದಲ್ಲಿ ನಮ್ಮ ಮನೆಯ ಗೊಂಚಲು ಹೈಡ್ರೇಂಜಿಯಾಕ್ಕೆ ಮೊದಲ ಬಹುಮಾನ ಬಂತು. ಆ ಬಹುಮಾನದ ಕಪ್ಪನ್ನು ಇವತ್ತು ವಾರ್ಷಿಕೋತ್ಸವದಲ್ಲಿ ಕೊಟ್ಟಿದ್ದೀರಿ. ಕಪ್ಪಿನ ಜೊತೆಗೆ ಎರಡು ಕೆಲಸವನ್ನೂ ಕೊಟ್ಟಿದ್ದೀರಿ. ಗಿಡವನ್ನು ಎರಡು ಸಲ ಸವರುವ, ಅಂದರೆ ಕಡ್ಡಿ ಕತ್ತರಿಸಿ ಇಳಿಸುವ, ನನ್ನ ವಿಧಾನವನ್ನು ನಿಮಗೆಲ್ಲ ವಿವರಿಸಿ, ಇಗೋ ಈ ಮೇಜಿನ ಮೇಲಿನ ಕುಂಡದ ಗಿಡದಲ್ಲಿ ಮಾಡಿ ತೋರಿಸಬೇಕಂತೆ. ಆಮೇಲೆ ಸಂಘದ ಸವರುವ ತರಗತಿಯನ್ನು ನಾನೇ ವಹಿಸಿಕೊಳ್ಳಬೇಕಂತೆ. ಸಂತೋಷ. ಬಹಳ ಸಂತೋಷ. ಆದರೆ ಒಂದು ಸಣ್ಣ ತೊಡಕಿದೆ. ನಾನು ಆ ಗಿಡವನ್ನು ಸವರಿದ್ದು ಒಂದೇ ಸಲ. ಎರಡನೆಯ ಸಲ ಸವರಿದವರು ಯಾರು ಎಂದು ನನಗೆ ಗೊತ್ತಿಲ್ಲ. ಅದನ್ನು ತಿಳಿದುಕೊಳ್ಳದೆ ಈ ವೇದಿಕೆಯಿಂದ ಇಳಿಯಬಾರದು ಎಂದುಕೊಂಡೇ ನಾನು ಬಂದಿದ್ದೇನೆ.

ಗಾಬರಿಯಾಗಬೇಡಿ. ವಿಷಯಕ್ಕೆ ಬರುತ್ತೇನೆ. ಮೊದಲು ಗಿಡದ ಪರಿಚಯವಾಗಲಿ.

ಹೈಡ್ರೇಂಜಿಯಾ ಎಂದ ಕೂಡಲೇ ಎಲ್ಲರೂ ಆ ದುಂಡು ಹೂವಿನದ್ದನ್ನು ನೆನೆಯುತ್ತೀರಿ. ಅದು ಬೇರೆ, ಇದು ಬೇರೆ. ದುಂಡು ಹೂವಿನದು ಮುಂದಿನ ಹೂವನ್ನು ಹಳೆಯ ಕಡ್ಡಿಯೊಳಗೇ ಬಚ್ಚಿಟ್ಟುಕೊಂಡಿರುತ್ತದೆ. ಚಳಿಗಾಲದಲ್ಲಿ ಅದಕ್ಕೆ ಕತ್ತರಿ ಹಾಕಿದಿರೋ, ಆ ವರ್ಷದ ಹೂವಿಗೆ ಕೈಮುಗಿದಂತೆಯೇ. ನಮ್ಮ ಗೊಂಚಲಿನದು ಹಾಗಲ್ಲ. ಇದರ ಹೂವು ಬುಡ ಅಗಲ, ತುದಿ ಚೂಪು. ಬಿಳಿಯಾಗಿ ಅರಳಿ, ದಿನ ಕಳೆದಂತೆ ಗುಲಾಬಿ ಬಣ್ಣಕ್ಕೆ ತಿರುಗುತ್ತದೆ. ಇದು ಹೂಬಿಡುವುದು ಆ ವರ್ಷ ಹೊಸದಾಗಿ ಬಂದ ಚಿಗುರಿನಲ್ಲಿ. ಹೋದ ವರ್ಷ ಏನಾಯಿತು ಎಂಬುದನ್ನು ಇದು ಮನಸ್ಸಿನಲ್ಲಿ ಇಟ್ಟುಕೊಳ್ಳುವುದೇ ಇಲ್ಲ. ಅದಕ್ಕೇ ನನಗೆ ಇದು ಇಷ್ಟ. ನನ್ನ ಕಸುಬಿಗೆ ಹೊಂದಿದ ಗಿಡ. ಕತ್ತರಿಸಿದಷ್ಟೂ ಬೆಳೆದು ಮತ್ತೆ ಎದುರಿಗೆ ಬಂದು ಕೂರುತ್ತದೆ.

ಚಳಿ ಮುಗಿಯುತ್ತ ಬಂದಾಗ, ಕಣ್ಣುಗಳು ಒಡೆಯುವ ಮುಂಚೆ, ಕತ್ತರಿ ಹಿಡಿಯಬೇಕು. ಕಣ್ಣು ಎಂದರೆ ಕಡ್ಡಿಯ ಮೇಲೆ ಚಿಗುರು ಹೊರಡುವ ಜಾಗ. ಒಣಗಿದ್ದು, ಒಂದಕ್ಕೊಂದು ಉಜ್ಜಿಕೊಳ್ಳುವುದು, ಹೂವಿನ ಭಾರ ಹೊರಲಾರದ ಸಣಕಲು, ಇವನ್ನೆಲ್ಲ ಬುಡದಲ್ಲೇ ತೆಗೆಯಿರಿ. ಉಳಿದ ಗಟ್ಟಿ ಕಡ್ಡಿಗಳನ್ನು ಮೇಲಿನಿಂದ ಮೂರರಲ್ಲಿ ಒಂದು ಪಾಲು ಇಳಿಸಿ. ಎಲ್ಲಿ ಎರಡು ಕಣ್ಣು ಎದುರುಬದುರು ಕೂತಿವೆಯೋ ಅದರ ಸ್ವಲ್ಪ ಮೇಲಕ್ಕೆ ಕತ್ತರಿ ಹಾಕಿ. ದೊಡ್ಡ ಹೂವಿನ ಆಸೆಗೆ ನೆಲದವರೆಗೂ ಬೋಳಿಸಬೇಡಿ. ಹೂವೇನೋ ತಲೆಯಷ್ಟು ಗಾತ್ರದ್ದು ಬರುತ್ತದೆ, ಹೊರುವ ಕಡ್ಡಿ ಮಾತ್ರ ಬಳುಕುತ್ತದೆ. ಒಂದು ಮಳೆ ಬಿದ್ದರೆ ಸಾಕು, ಹೂವು ಹೋಗಿ ಕೆಸರಿನಲ್ಲಿ ಮೂಗು ಉಜ್ಜುತ್ತದೆ.

ಅದಕ್ಕೇ ಅಲ್ಲವೇ ನಮ್ಮ ಸಂಘದವರು ನೀರಿನ ಪರೀಕ್ಷೆ ಇಟ್ಟಿರುವುದು? ಹೊಸಬರಿಗೆ ಹೇಳುತ್ತೇನೆ. ಪ್ರದರ್ಶನದ ದಿನ ನಮ್ಮ ಅಧ್ಯಕ್ಷರು ಮನೆಮನೆಗೆ ಬಂದು, ಅರಳಿದ ಗೊಂಚಲುಗಳ ಮೇಲೆ ಕ್ಯಾನಿನಿಂದ ನೀರು ಸುರಿಯುತ್ತಾರೆ. ಕ್ಯಾನು ಬರಿದಾಗುವವರೆಗೂ ಸುರಿಯುತ್ತಾರೆ. ನೆಲ ಮುಟ್ಟಿದ ಹೂವಿಗೆ ಬಹುಮಾನವಿಲ್ಲ. ಹಲ್ಲು ಕೀಳುವಾಗಲಾದರೂ ಅವರಿಗೆ ಕರುಣೆ ಬರಬಹುದು, ಈ ವಿಷಯದಲ್ಲಿ ಬರುವುದಿಲ್ಲ. ಎಷ್ಟು ವರ್ಷ ನನ್ನ ಗಿಡ ಅವರ ಕಾಲಿಗೆ ಬಿದ್ದಿದೆ! ಎಷ್ಟು ವರ್ಷ ನಾನು ಅವರಿಗೆ ನಗುನಗುತ್ತಾ ಚಹಾ ಕೊಟ್ಟು, ಅವರು ಗೇಟು ದಾಟಿದ ಮೇಲೆ ಗೊಣಗಿದ್ದೇನೆ!

ಈ ಸಲ ಬಿದ್ದಿಲ್ಲ. ಕ್ಯಾನು ಬರಿದಾಯಿತು, ಹೂವು ತಲೆ ಬಾಗಿಸಿತು, ಅಲ್ಲಿಗೇ ನಿಂತಿತು. ಸ್ವಲ್ಪ ಹೊತ್ತಿಗೆ ನೀರು ಕೊಡವಿಕೊಂಡು ಎದ್ದೂ ಬಿಟ್ಟಿತು. ಅಧ್ಯಕ್ಷರು ಮಂಡಿಯೂರಿ, ರೋಗಿಯ ಬಾಯಿ ತೆರೆಸುವ ಹಾಗೆ ಎಲೆಗಳನ್ನು ಸರಿಸಿ ಒಳಗೆ ನೋಡಿದರು. "ಯಜಮಾನ್ರೇ, ಇದನ್ನ ಎರಡು ಸಲ ಸವರಿದ್ದೀರಿ. ಚಳಿಯಲ್ಲಿ ಒಂದ್ಸಲ, ಆಮೇಲೆ ಚಿಗುರು ಗೇಣುದ್ದ ಬಂದ್ಮೇಲೆ ಅದನ್ನ ಅರ್ಧಕ್ಕೆ ಕಟ್ ಮಾಡಿದ್ದೀರಿ. ಅದಕ್ಕೇ ಒಂದು ಚಿಗುರಿದ್ದ ಕಡೆ ಎರಡು ಬಂದಿದೆ. ಗಿಡ್ಡಕ್ಕೆ, ದಪ್ಪಕ್ಕೆ ಬಂದಿದೆ. ಹೂವು ಸ್ವಲ್ಪ ಚಿಕ್ಕದು, ಸ್ವಲ್ಪ ತಡ. ಆದ್ರೆ ನಿಂತಿದೆ ನೋಡಿ! ಯಾರು ಹೇಳ್ಕೊಟ್ರು ನಿಮಗೆ?" ಎಂದು ಕೇಳಿದರು.

ಅವರ ಜೊತೆ ಬಂದಿದ್ದ ಸಂಘದವರೆಲ್ಲ ಕೈ ಕುಲುಕುತ್ತಿದ್ದರು. ನಾನೂ ಕುಲುಕಿದೆ. ಸಂಜೆ ಒಬ್ಬನೇ ಹೋಗಿ ಎಲೆ ಸರಿಸಿ ನೋಡಿದೆ. ಅವರು ಹೇಳಿದ್ದು ನಿಜ. ಪ್ರತಿ ಚಿಗುರಿನಲ್ಲೂ ಕತ್ತರಿಯ ಗುರುತಿತ್ತು. ನೀಟಾದ ಕೆಲಸ, ಒಂದು ಕಡೆಯೂ ಸಿಪ್ಪೆ ಹರಿದಿರಲಿಲ್ಲ. ಒಳಗೆ ಬಂದು ಇವಳನ್ನು ಕೇಳಿದೆ. ಇವಳು ಬಟ್ಟೆಗೆ ಇಸ್ತ್ರಿ ಹಾಕುತ್ತಿದ್ದಳು.

"ನಮ್ಮ ಗಿಡಾನ ಇನ್ನೊಂದ್ಸಲ ಕತ್ತರಿಸಿದ್ದು ಯಾರು?"

"ನೀವೇ ಕಣ್ರೀ."

"ತಮಾಷೆ ಮಾಡ್ಬೇಡ. ಸರಿಯಾಗಿ ಹೇಳು."

ಇವಳು ನನ್ನನ್ನೇ ನೋಡಿದಳು. ಆಮೇಲೆ ಅಂಗಿಯ ಕಾಲರ್ ತಿರುಗಿಸಿ ಹಾಕುತ್ತಾ, "ಆಯ್ತು ಬಿಡಿ, ಗಾಳಿ ಬಂದು ಕತ್ತರಿಸಿಕೊಂಡು ಹೋಗಿರ್ಬೇಕು" ಎಂದಳು. ಇವಳು ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಕೆಲಸ ಮಾಡಿದವಳು. ಊರವರ ಮಾತನ್ನೆಲ್ಲ ಒಂದು ಕಡೆಯಿಂದ ಇನ್ನೊಂದು ಕಡೆಗೆ ದಾಟಿಸಿದ್ದಾಳೆ, ತಾನು ಮಾತ್ರ ಅಳೆದು ತೂಗಿ ಮಾತಾಡುತ್ತಾಳೆ. ಆ ವಿಷಯವನ್ನು ಆಮೇಲೆ ಅವಳು ಎತ್ತಲೇ ಇಲ್ಲ.

ಹಾಗಾದರೆ ಕತ್ತರಿಸಿದವರು ಯಾರು? ಕೇಳಬೇಡವೇ? ಕೇಳಲೇಬೇಕು. ಕುಳಿತರೂ ಅದೇ, ನಿಂತರೂ ಅದೇ ಆಯಿತು ನನಗೆ. ನಮ್ಮ ಮನೆಗೂ ಪಕ್ಕದ ಮನೆಗೂ ನಡುವೆ ಸೊಂಟದೆತ್ತರದ ಗೋಡೆ. ಪಕ್ಕದ ಮನೆಯಲ್ಲಿರುವವರು ಪೋಸ್ಟ್‌ಮ್ಯಾನ್. ಅವರಿಗೂ ಇದೇ ಗಿಡ ಇದೆ. ನೀರಿನ ಪರೀಕ್ಷೆಯಲ್ಲಿ ಪ್ರತಿ ವರ್ಷ ನನ್ನ ಗಿಡದ ಜೊತೆಯಲ್ಲೇ ಬೀಳುತ್ತಿತ್ತು, ಈ ಸಲ ಅವರದು ಒಂದೇ ಬಿತ್ತು. ನಾನು ಲೆಕ್ಕ ಹಾಕಿದೆ. ನನ್ನ ಗಿಡ ಹೂಬಿಡದೆ ಹೋಗಲಿ ಎಂದು ಅವರು ಗೋಡೆಯ ಮೇಲಿಂದ ಕೈ ಚಾಚಿ ಚಿಗುರು ಕತ್ತರಿಸಿದ್ದಾರೆ. ಕೆಡಿಸಲು ಹೋಗಿ ಉದ್ಧಾರ ಮಾಡಿದ್ದಾರೆ! ಅಂದಿನಿಂದ ನಾನು ಅವರ ಜೊತೆ ಮಾತು ಬಿಟ್ಟೆ. ಪಾಪ, ಅವರು ದಿನಾ ಬೆಳಿಗ್ಗೆ ಸೈಕಲ್ ಹೊರಗೆ ತೆಗೆಯುವಾಗ "ಏನಣ್ಣ, ಚೆನ್ನಾಗಿದ್ದೀರಾ?" ಎನ್ನುತ್ತಾರೆ. ನಾನು ಮಳೆ ಬರುತ್ತದೆಯೋ ಎಂದು ಆಕಾಶ ನೋಡುತ್ತೇನೆ.

ನಿಜ ಹೇಳುತ್ತೇನೆ, ಈ ಭಾಷಣಕ್ಕೆ ನಾನು ಒಪ್ಪಿದ್ದೇ ಅದಕ್ಕಾಗಿ. ಅವರೂ ಬಂದಿದ್ದಾರೆ, ಅಲ್ಲಿ ಕಂಬದ ಪಕ್ಕದಲ್ಲಿ ಕುಳಿತಿದ್ದಾರೆ. ಏಳಬೇಡಿ, ಏಳಬೇಡಿ. ಅಧ್ಯಕ್ಷರು ಕೆಮ್ಮುತ್ತಿದ್ದಾರೆ. ಗೊತ್ತಾಯಿತು ಮೇಡಂ, ಇದು ಅಭಿನಂದನೆಯ ಸಭೆ, ಪಂಚಾಯಿತಿಯಲ್ಲ. ಆದರೆ ಸಾಕ್ಷಿ ಇಲ್ಲದೆ ನಾನು ಮಾತಾಡುವುದಿಲ್ಲ. ನೋಡಿ, ಜೇಬಿನಲ್ಲೇ ತಂದಿದ್ದೇನೆ, ಆ ಗಿಡದ ಒಂದು ತುಂಡು. ಗುರುತನ್ನು ಗಮನಿಸಿ. ಎಷ್ಟೇ ನೇರವಾಗಿ ಕತ್ತರಿಸಿದರೂ ಕೈಯ ಓರೆ ಉಳಿದೇ ಉಳಿಯುತ್ತದೆ. ಬಲಗೈಯವರು ಕತ್ತರಿಸಿದರೆ ಓರೆ ಆ ಕಡೆಗೆ ಇಳಿಯುತ್ತದೆ, ಎಡಗೈಯವರು ಕತ್ತರಿಸಿದರೆ ಈ ಕಡೆಗೆ ಇಳಿಯುತ್ತದೆ. ಕತ್ತರಿಯ ಜೊತೆಗೇ ಬದುಕಿದ ನನಗೆ ಇದು ಕತ್ತಲಲ್ಲಿ ಮುಟ್ಟಿದರೂ ಗೊತ್ತಾಗುತ್ತದೆ. ಇದು ಎಡಗೈ. ಸಂಶಯವೇ ಇಲ್ಲ, ಎಡಗೈ.

ಆದರೆ ನಮ್ಮ ಪೋಸ್ಟ್‌ಮ್ಯಾನ್ ಬಲಗೈಯವರು. ಇಲ್ಲಿಯೇ ನನಗೆ ತಲೆ ಕೆಡುವುದು. ತಮ್ಮ ಮೇಲೆ ಸಂಶಯ ಬರದಿರಲಿ ಎಂದು ಎಡಗೈಯಲ್ಲಿ ಅಭ್ಯಾಸ ಮಾಡಿಕೊಂಡರೇ? ಅಂಥ ಮನುಷ್ಯ ಅಲ್ಲ ಅವರು. ಷೂ ಲೇಸ್ ಕಟ್ಟಿಕೊಳ್ಳುವುದಕ್ಕೇ ಸೋಮಾರಿತನ ಅವರಿಗೆ. ಹಾಗಾದರೆ ಬೇರೆ ಯಾರು?

ಒಂದು ಕೆಲಸ ಮಾಡೋಣ. ಈ ಸಭೆಯಲ್ಲಿ ಇಡೀ ಸಂಘವೇ ಇದೆ. ಎಡಚರು ಯಾರು ಯಾರು ಇದ್ದೀರಿ, ದಯವಿಟ್ಟು ಕೈ ಎತ್ತಿ. ಸಂಕೋಚ ಬೇಡ, ನಾನೂ ಎಡಚನೇ. ಹೀಗೆ, ನನ್ನ ಹಾಗೆ ಎತ್ತಿ.

ಯಾರೂ ಇಲ್ಲವೇ? ಹಿಂದಿನ ಸಾಲಿನಲ್ಲಿ? ಬಾಗಿಲ ಹತ್ತಿರ ನಿಂತವರಲ್ಲಿ?

ಒಂದೇ ಕೈ ಮೇಲಿದೆ.

ಇರಲಿ, ಇರಲಿ. ಒಂದು ಗುಟುಕು ನೀರು ಕುಡಿಯುತ್ತೇನೆ.

ಸಭೆ ಯಾಕೋ ಬಹಳ ಗಂಭೀರವಾಯಿತು. ಒಂದು ತಮಾಷೆಯ ಪ್ರಸಂಗ ಹೇಳಿ ಆಮೇಲೆ ಗಿಡಕ್ಕೆ ಬರುತ್ತೇನೆ. ನಮ್ಮ ಲೆಕ್ಕದ ಮೇಷ್ಟ್ರು ನಿಮಗೆಲ್ಲ ಗೊತ್ತು, ಇಲ್ಲೇ ಇದ್ದಾರೆ. ಬಹಳ ಸಂಕೋಚದ ಮನುಷ್ಯರು. ನಾನು ಅಂಗಡಿಯಲ್ಲಿದ್ದ ಕೊನೆಯ ದಿನಗಳಲ್ಲಿ ಒಂದು ಬೆಳಿಗ್ಗೆ ಬಂದು ಕಟಿಂಗ್ ಮಾಡಿಸಿಕೊಂಡು ಹೋದರು. ಕೊಡೆ ಮರೆತಿದ್ದರು, ತೆಗೆದುಕೊಳ್ಳಲು ವಾಪಸು ಬಂದರು. ಬಂದವರನ್ನು ನಾನು "ಬನ್ನಿ ಮೇಷ್ಟ್ರೇ, ಬಹಳ ದಿನ ಆಯ್ತು" ಎಂದು ಕುರ್ಚಿಯಲ್ಲಿ ಕೂರಿಸಿ, ಬಟ್ಟೆ ಹೊದಿಸಿ, ಶುರು ಮಾಡಿಯೇ ಬಿಟ್ಟೆ! ಅವರು ಬೇಡ ಎನ್ನಲಿಲ್ಲ. ಕೂತು ಎರಡನೆಯ ಸಲವೂ ಮಾಡಿಸಿಕೊಂಡರು. ನನ್ನ ಜೊತೆ ಅಂಗಡಿಯಲ್ಲೇ ಇದ್ದ ಮಗಳು ಒಳಗಿನಿಂದ ಟವೆಲ್ ತಂದವಳು ಬಾಗಿಲಲ್ಲೇ ನಿಂತು, "ಅಪ್ಪಾ, ಇವರಿಗೆ ಈಗ ತಾನೇ ಮಾಡಿದ್ಯಲ್ಲ!" ಎಂದಳು. ಹೊಟ್ಟೆ ಹಿಡಿದುಕೊಂಡು ನಕ್ಕೆವು. ಮೇಷ್ಟ್ರ ತಲೆ ತೊಳೆದಿಟ್ಟ ಬಟ್ಟಲಿನ ಹಾಗಾಗಿತ್ತು. ನಾನಂತೂ ಕಣ್ಣಲ್ಲಿ ನೀರು ಬರುವಷ್ಟು ನಕ್ಕೆ. ಮೇಷ್ಟ್ರು ನಕ್ಕರು. ಮಗಳು... ಮಗಳೂ ನಕ್ಕಿರಬೇಕು.

ಅದಾದ ಸ್ವಲ್ಪ ದಿನಕ್ಕೇ ಮಗಳು, "ಅಪ್ಪ, ನೀನು ಮನೇಲಿ ಆರಾಮಾಗಿರು, ಅಂಗಡಿ ನಾನು ನೋಡ್ಕೊಳ್ತೀನಿ, ಇಡೀ ದಿನ ನಿಂತು ನಿಂತು ನಿನ್ನ ಮಂಡಿ ನೋಯುತ್ತೆ" ಎಂದಳು. ಇವಳೂ ಹಾಗೇ ಹೇಳಿದಳು. ಸರಿ ಎಂದೆ. ನನ್ನ ಮಂಡಿಗೆ ಏನೂ ಆಗಿಲ್ಲ. ಈಗಲೂ ನೋಡಿ, ಎಷ್ಟು ಹೊತ್ತಿನಿಂದ ನಿಂತಿದ್ದೇನೆ.

ನೀವು ಯಾಕೆ ನಗುತ್ತಿಲ್ಲ? ಈ ಪ್ರಸಂಗಕ್ಕೆ ಎಲ್ಲರೂ ನಗುತ್ತಾರೆ. ಮೇಷ್ಟ್ರೇ, ನೀವು ಯಾಕೆ ತಲೆ ತಗ್ಗಿಸಿದಿರಿ? ಹಿಂದೆಯೂ ಹೇಳಿದ್ದೇನೆಯೇ ಇದನ್ನು? ಇದೇ ವೇದಿಕೆಯಲ್ಲಿ? ಅಧ್ಯಕ್ಷರೇ, ಹೇಳಿದ್ದೇನೆಯೇ?

ಹೌದಂತೆ. ಕಳೆದ ವಾರ್ಷಿಕೋತ್ಸವದಲ್ಲಿ ಹೇಳಿದ್ದೇನಂತೆ.

ಸಭಿಕರೇ, ಒಂದು ನಿಮಿಷ ಕೊಡಿ. ನನ್ನ ಮಾತಿನ ದಾರಿ ಎಲ್ಲೋ ಹೊರಟು ಎಲ್ಲೋ ಬಂದು ನಿಂತಿದೆ. ಒಂದೇ ತಲೆಗೆ ಎರಡು ಸಲ ಕತ್ತರಿ ಹಾಕಿದವನು ಒಂದೇ ಗಿಡಕ್ಕೆ ಎರಡು ಸಲ ಹಾಕಿರಲಾರನೇ? ಓರೆ ಎಡಗೈಯದು. ಸಂಘದಲ್ಲಿರುವ ಎಡಗೈ ಒಂದೇ, ನನ್ನದು. ಇವಳು ಅವತ್ತೇ ಹೇಳಿದ್ದಳು, 'ನೀವೇ ಕಣ್ರೀ' ಎಂದು. ನಾನು ಕಳ್ಳನನ್ನು ಗೋಡೆಯಾಚೆ ಹುಡುಕುತ್ತಿದ್ದೆ. ಪೋಸ್ಟ್‌ಮ್ಯಾನ್ ಅವರೇ, ತಮ್ಮಾ, ಕ್ಷಮಿಸಬೇಕು. ನಾಳೆ ಬೆಳಿಗ್ಗೆ ನಾನು ಮತ್ತೆ ಆಕಾಶ ನೋಡಿದರೆ ಗೋಡೆ ಹಾರಿ ಬಂದು ಕಿವಿ ಹಿಂಡಿ, ನಾನು ಏನೂ ಅಂದುಕೊಳ್ಳುವುದಿಲ್ಲ.

ನನಗೆ ಭಯವಾಗುತ್ತಿದೆ. ಮರೆಮಾಚಿ ಏನು ಪ್ರಯೋಜನ? ಹೊಸ ಅಂಗಿ ಹಾಕಿಕೊಂಡು, ಕಪ್ಪು ಹಿಡಿದುಕೊಂಡು, ಇಷ್ಟು ಜನರ ಮುಂದೆ ನಿಂತಿರುವ ನನಗೆ ಬಹಳ ಭಯವಾಗುತ್ತಿದೆ. ಹೆಸರು ಮರೆಯುವುದು, ಕನ್ನಡಕ ಮರೆಯುವುದು ಎಲ್ಲರಿಗೂ ಇದ್ದದ್ದೇ. ಆದರೆ ಇಡೀ ಗಿಡವನ್ನು ಒಂದು ಕಡ್ಡಿಯೂ ಬಿಡದೆ, ಇಷ್ಟು ಚೆಂದವಾಗಿ ಸವರಿದ್ದೇನೆ. ಕೈಗೆ ಎಲ್ಲ ಗೊತ್ತಿತ್ತು. ನಾನು ಎಲ್ಲಿದ್ದೆ? ಎಷ್ಟು ಹುಡುಕಿದರೂ ಆ ಬೆಳಗು ನನಗೆ ಸಿಗುತ್ತಿಲ್ಲ. ಇನ್ನು ಈ ಬಹುಮಾನವನ್ನೇ ನೋಡಿ. ನೆನಪಿಟ್ಟುಕೊಂಡು ಸವರಿದ ವರ್ಷಗಳಲ್ಲೆಲ್ಲ ಗಿಡ ಬಿತ್ತು, ಮರೆತು ಸವರಿದಾಗ ನಿಂತಿತು. ಇದು ನನ್ನ ಗೆಲುವೋ, ನನಗೆ ಬಂದ ಕೆಡುಕೋ? ಇದನ್ನು ತರಗತಿಯಲ್ಲಿ ಹೇಗೆ ಕಲಿಸಲಿ? ಮೊದಲು ಸವರಿ, ಆಮೇಲೆ ಸವರಿದ್ದನ್ನು ಮರೆಯಿರಿ ಎಂದು ಹೇಳಲೇ? ನನಗೆ ಒಂದೂ ಅರ್ಥವಾಗುತ್ತಿಲ್ಲ.

ಇವಳು ಅಳುತ್ತಿದ್ದಾಳೆ. ಅಳಬೇಡ ಮಾರಾಯ್ತಿ. ಒಂದೇ ಒಂದು ಕೇಳುತ್ತೇನೆ, ಹೇಳು. ಅವತ್ತು ನೀನು ನೋಡಿದೆಯಾ? ಅಡುಗೆಮನೆಯ ಕಿಟಕಿಯಿಂದ? ನೋಡಿದಳಂತೆ. ಹಾಗಾದರೆ ಬಂದು ನಿಲ್ಲಿಸಲಿಲ್ಲ ಯಾಕೆ? ಏನು? ಸ್ವಲ್ಪ ಜೋರಾಗಿ ಹೇಳು.

ಸಭಿಕರೇ, ಅವಳು ಹೇಳಿದ್ದು ಹಿಂದಿನವರಿಗೆ ಕೇಳಿಸಿರಲಿಕ್ಕಿಲ್ಲ. ಬಾಗಿಲವರೆಗೂ ಬಂದಳಂತೆ. ನಾನು ಏನೋ ಹಾಡು ಗುನುಗುತ್ತಿದ್ದೆನಂತೆ. ಅಂಗಡಿ ಬಿಟ್ಟ ಮೇಲೆ ನಾನು ಹಾಡಿದ್ದನ್ನು ಅವಳು ಕೇಳಿರಲೇ ಇಲ್ಲವಂತೆ. ಅದಕ್ಕೇ ಹಾಗೇ ನಿಂತು ನೋಡಿದಳಂತೆ, ಕೊನೆಯ ಕಡ್ಡಿಯವರೆಗೂ.

ನನಗೆ ಗೊತ್ತಿರಲಿಲ್ಲ. ಇಷ್ಟು ದಿನ ಇದನ್ನು ಒಬ್ಬಳೇ ಹೊತ್ತುಕೊಂಡು, ನನಗೆ ಚಹಾ ಕೊಟ್ಟು, ನನ್ನ ಪೋಸ್ಟ್‌ಮ್ಯಾನ್ ಪುರಾಣ ಕೇಳಿಕೊಂಡು, ಇವತ್ತು ನನ್ನ ಅಂಗಿಯ ಗುಂಡಿ ಹಾಕಿ ಇಲ್ಲಿಗೆ ಕರೆದುಕೊಂಡು ಬಂದಿದ್ದಾಳೆ. ಇವಳಿಗೆ ನಾನು ಯಾವ ಬಹುಮಾನ ಕೊಡಲಿ?

ಅಧ್ಯಕ್ಷರೇ, ನೀವು ವಹಿಸಿದ ಕೆಲಸ ನನ್ನಿಂದ ಆಗುವುದಿಲ್ಲ. ಎರಡನೆಯ ಸಲ ಸವರಿದವನು ನಾನಾದರೂ, ಅದನ್ನು ಬಲ್ಲವಳು ಇವಳು. ಚಿಗುರು ಎಷ್ಟು ಎತ್ತರ ಇತ್ತು, ಎಷ್ಟು ಬಿಟ್ಟು ಎಷ್ಟು ತೆಗೆದೆ, ಯಾವ ಕಡೆಯಿಂದ ಶುರು ಮಾಡಿದೆ, ಎಲ್ಲ ಇವಳ ಕಣ್ಣಲ್ಲಿದೆ. ಈ ಕುಂಡದ ಗಿಡದ ಚಿಗುರೂ ಈಗ ಗೇಣುದ್ದ ಬಂದಿದೆ, ಸರಿಯಾದ ಹೊತ್ತು. ಇವಳೇ ಮೇಲೆ ಬಂದು ಮಾಡಿ ತೋರಿಸಲಿ. ತರಗತಿಯನ್ನೂ ಇವಳೇ ನಡೆಸಲಿ. ನಾನು ಮುಂದಿನ ಬೆಂಚಿನಲ್ಲಿ ಕೂತು, ನನ್ನ ಕೆಲಸವನ್ನು ಇವಳಿಂದ ಕಲಿಯುತ್ತೇನೆ. ಬಾ, ಹೆದರಬೇಡ. ಮೈಕಿನ ಹತ್ತಿರ ಹೋಗಬೇಕಾಗಿಲ್ಲ, ಗಿಡದ ಹತ್ತಿರ ನಿಂತು ಮಾತಾಡು ಸಾಕು. ಕತ್ತರಿ ಇಲ್ಲೇ ಇದೆ.

ನನ್ನನ್ನು ಸಹಿಸಿಕೊಂಡ ಅಧ್ಯಕ್ಷರಿಗೂ, ಕಾರ್ಯದರ್ಶಿಗಳಿಗೂ, ಮೇಷ್ಟ್ರಿಗೂ, ಪಕ್ಕದ ಮನೆಯವರಿಗೂ, ನಿಮ್ಮೆಲ್ಲರಿಗೂ ನಾನು ಋಣಿ. ಈಗ ಕೆಳಗಿಳಿದು ಇವಳ ಕುರ್ಚಿಯಲ್ಲಿ ಕೂರುತ್ತೇನೆ. ಇನ್ನು ಸ್ವಲ್ಪ ಹೊತ್ತಿಗೆ ನಾನು ಮತ್ತೆ ಎದ್ದು ಬಂದು ಮೈಕ್ ಹಿಡಿದು, 'ಮಾನ್ಯ ಅಧ್ಯಕ್ಷರೇ' ಎಂದು ಶುರು ಮಾಡಿದರೆ, ದಯವಿಟ್ಟು ಯಾರೂ ಸಂಕೋಚಪಟ್ಟುಕೊಂಡು ಸುಮ್ಮನಿರಬೇಡಿ. 'ನಿಮ್ಮದು ಆಗಲೇ ಆಯಿತು' ಎಂದು ಹೇಳಿಬಿಡಿ. ನಾನು ಬೇಜಾರು ಮಾಡಿಕೊಳ್ಳುವುದಿಲ್ಲ, ನಂಬುತ್ತೇನೆ. ನಮಸ್ಕಾರ.